ಐದನೇ ನಿಂಬೆಹಣ್ಣು

ಒದ್ದೆ, ಮತ್ತೆ ಒದ್ದೆ, ಬ್ರೇಕ್ ಬಿದ್ದಾಗಲೆಲ್ಲ ಕಾಲಡಿಯ ಕಾರ್ಪೆಟ್ಟಿನಿಂದ ನೀರು ಗುಳುಕ್ಕೆಂದು ಮೇಲೆದ್ದು ಬೆರಳ ಸಂದಿಗೆ ನುಗ್ಗುತ್ತದೆ, ಬ್ರೇಕ್ ಬಿಟ್ಟಾಗ ಏನೂ ಅರಿಯದ ಹಾಗೆ ಹಿಂದಕ್ಕೆ ಸರಿಯುತ್ತದೆ, ಪಾದ ಎತ್ತಿ ಸೀಟಿನ ಮೇಲಿಟ್ಟುಕೊಳ್ಳೋಣವೆಂದರೆ ಶಾರದಾಳ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಮಗಳು ಇಂಚರಾಳಿಗೆಂದು ಬೆಳಿಗ್ಗೆ ಎದ್ದು ಕಲಸಿದ್ದು, ಇನ್ನೂ ಬಿಸಿ — ನೋಡು, ಮತ್ತೆ ಒತ್ತಿದರು, ಗೇರಿನ ಗೋಜೇ ಇಲ್ಲದ ಆಟೋಮ್ಯಾಟಿಕ್ ಗಾಡಿ, ಒಂದು ಕಾಲಿನ ಕೆಲಸ, ಅದಕ್ಕೂ ಈ ಮಹಾರಾಯರಿಗೆ ಎರಡು ಕಾಲು ಬೇಕು, ಬಲಗಾಲು ಓಡು ಅನ್ನುತ್ತದೆ, ಎಡಗಾಲು ನಿಲ್ಲು ಅನ್ನುತ್ತದೆ, ಪಾಪ ಗಾಡಿ ಯಾರ ಮಾತು ಕೇಳಬೇಕು, ಇವರ ಜೊತೆ ಸಂಸಾರ ಮಾಡಿದವಳಿಗೇ ಗೊತ್ತು ಅದರ ಪಾಡು. ಏನಾದರೂ ಅಂದೆಯಾ, ಎಂದರು ಚಂದ್ರಕಾಂತ, ರಸ್ತೆಯಿಂದ ಕಣ್ಣು ತೆಗೆಯದೆ. ಇಲ್ಲ, ಏನೂ ಅನ್ನಲಿಲ್ಲ. ಅನ್ನುವುದನ್ನೆಲ್ಲ ಜುಲೈ ತಿಂಗಳಲ್ಲೇ ಅಂದಾಗಿದೆ, ನಾನು ಕಾರನ್ನು ನೀರಿಗೆ ಇಳಿಸಲಿಲ್ಲ, ನಾನು ಮುಳುಗಿಸಲಿಲ್ಲ, ಅಡುಗೆಮನೆಯಲ್ಲಿ ಅಂದಳು, ಲಿಫ್ಟಿನಲ್ಲಿ ಅಂದಳು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಇವತ್ತು ಶನಿವಾರ, ಇಬ್ಬರ ಸರ್ಕಾರಿ ಆಫೀಸಿಗೂ ರಜೆ, ಇಂದಿರಾಪುರಂನಿಂದ ಗುರ್ಗಾಂವಿಗೆ ಹೊರಟಿರುವುದು ಈ ಕಾರನ್ನು ಮಾರಿಬರಲಿಕ್ಕೆ, ಅವಳು ದಿನವೂ ಓಡಿಸಿದ ಕಾರನ್ನು, ಅವಳನ್ನೇ ಪಕ್ಕದ ಒದ್ದೆ ಜಾಗದಲ್ಲಿ ಕೂರಿಸಿಕೊಂಡು.

ಪಾನಿ ಘುಸ್ ಗಯಾ ಹೈ ಸಾಬ್, ಅಂದಿದ್ದ ಮಾಯಾಪುರಿಯ ಗ್ಯಾರೇಜಿನ ಮಿಸ್ತ್ರಿ, ಒಳಗೆ ನೀರು ಹೊಕ್ಕಿದೆ, ಕಾರ್ಪೆಟ್ಟಿನ ಕೆಳಗಿನ ವೈರುಗಳೆಲ್ಲ ನೆನೆದಿವೆ, ಅದಕ್ಕೇ ಕಿಟಕಿ ತಾನಾಗಿ ಇಳಿಯುತ್ತದೆ, ವೈಪರ್ ತಾನಾಗಿ ಏಳುತ್ತದೆ, ಹಾರ್ನ್ ತಾನಾಗಿ ಬಡಿದುಕೊಳ್ಳುತ್ತದೆ, ಎಲ್ಲಿಂದ ಹೊಕ್ಕಿತು ಅಂತ ನೋಡಬೇಕು, ಎರಡು ದಿನ ಗಾಡಿ ಬಿಟ್ಟುಹೋಗಿ — ನೋಡುವುದೇನು ಬಂತು, ನನಗೆ ಗೊತ್ತು ಎಲ್ಲಿಂದ ಹೊಕ್ಕಿತು ಅಂತ, ಎಂದು ಚಂದ್ರಕಾಂತ ಅವಳ ಕಡೆ ತಿರುಗಿದ ಆ ತಿರುಗು, ಕತ್ತಿನ ಆ ನರ, ಮಿಸ್ತ್ರಿಯ ಎದುರಿಗೇ ಕೈಚಾಚಿ ಕೇಳಿದ್ದು, ಕೀ ಕೊಡು ಇಲ್ಲಿ, ಸ್ಕೂಲು ಹುಡುಗಿಯ ಕೈಯಿಂದ ಮೊಬೈಲು ಕಸಿದುಕೊಳ್ಳುವ ಹಾಗೆ. ಮೂಲ್‌ಚಂದ್ ಅಂಡರ್‌ಪಾಸಿನಲ್ಲಿ ಆ ಸಂಜೆ ನೀರು ನಿಂತಿತ್ತು, ನಿಜ, ಒಂದು ಬಸ್ಸು ಅರ್ಧ ಮುಳುಗಿ ಕೂತಿತ್ತು, ನಿಜ, ಅವಳು ಇಳಿಜಾರಿನ ಬಾಯಲ್ಲೇ ನಿಲ್ಲಿಸಿದಳು, ಹಿಂದಿನವನು ಮೇಡಂ ಚಲೋ ನಾ ಎಂದು ಬೊಬ್ಬಿಟ್ಟ, ಜಗ್ಗಲಿಲ್ಲ, ಹಿಂದಕ್ಕೆ ತೆಗೆದು, ಮೇಲಿನ ರಸ್ತೆ ಸುತ್ತಿ, ಆ ಜಡಿಮಳೆಯಲ್ಲಿ ಮನೆ ಮುಟ್ಟಿಸಿದಳು, ಚಕ್ರದ ಅರ್ಧವೂ ನೆನೆಯಲಿಲ್ಲ. ಹಾಗಾದರೆ ನೀರು ಒಳಗೆ ಹೇಗೆ ಬಂತು, ಆಕಾಶದಿಂದ ಬಿತ್ತಾ, ಎಂದರು. ಆ ಮೇಲೆ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ, ಎಲೆಯ ಮುಂದೆ ಕೂತು, ಎಲ್ಲರಿಗೂ ಕೇಳುವ ಹಾಗೆ, ನಮ್ಮ ಮನೆಯವಳು ಕಾರಿಗೆ ಈಜು ಕಲಿಸಿದಳು ಕಣ್ರೀ, ನಾರಾಯಣಸ್ವಾಮಿಯವರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ನಕ್ಕು ಕೆಮ್ಮಿದರು, ಅವರ ಹೆಂಡತಿ ಅವಳ ಮುಖ ನೋಡಿ ನಗು ತಡೆದರು, ತಡೆದದ್ದೇ ಹೆಚ್ಚು ಉರಿಯಿತು. ಇಂಚರಾ ಕೂಡ ಫೋನಿನಲ್ಲಿ, ಅಮ್ಮಾ, ಸ್ವಿಮ್ಮಿಂಗ್ ಕೋಚ್, ಎಂದು ಕಿಸಕ್ಕೆಂದಳು. ಮಗಳೂ ನಕ್ಕಮೇಲೆ ಇನ್ನು ಯಾರ ಹತ್ತಿರ ಹೇಳುವುದು.

ಅಷ್ಟಕ್ಕೂ ಕಾರು ಯಾರ ಹೆಸರಿನಲ್ಲಿದೆ, ಕೇಳಿ ನೋಡಿ. ಶಾರದಾಳ ಹೆಸರಿನಲ್ಲಿ. ಪ್ರೀತಿಯಿಂದಲ್ಲ, ಜೋಯಿಸರು ಹೇಳಿದರು ಅಂತ, ನಿಮಗೆ ಸಾಡೇಸಾತಿ, ನಿಮ್ಮ ಮನೆಯವರ ಜಾತಕದಲ್ಲಿ ವಾಹನಯೋಗ ಚೆನ್ನಾಗಿದೆ, ಅವರ ಹೆಸರಿಗೇ ಮಾಡಿಸಿ, ಯೋಗ ಅವಳ ಜಾತಕದಲ್ಲಿ, ಕೀ ಇವರ ಜೇಬಿನಲ್ಲಿ. ಚಾಣಕ್ಯಪುರಿಯ ಯಾವುದೋ ದೂತಾವಾಸದ ಅಧಿಕಾರಿ ತನ್ನ ದೇಶಕ್ಕೆ ಮರಳುವಾಗ ಮಾರಿದ ಕಪ್ಪು ಜರ್ಮನ್ ಕಾರು, ಹಾಗೆ ಹೋಗುವವರ ಕಾರುಗಳಿಗಾಗಿ ದೆಹಲಿಯಲ್ಲಿ ಬಾಯಿ ಬಿಟ್ಟುಕೊಂಡು ಕಾಯುವವರ ಒಂದು ಜಾತಿಯೇ ಇದೆ, ಇವರೂ ಅದರಲ್ಲಿ ಒಬ್ಬರು, ಹೊಸ ಮಾರುತಿಯ ಬೆಲೆಗೆ ರಾಯಭಾರಿಯ ಗತ್ತು ಸಿಗುತ್ತದೆ ಅಂತ. ತಂದ ಹೊಸದರಲ್ಲಿ ಸೊಸೈಟಿಯ ಗೇಟಿನ ಗಾರ್ಡು ಎದ್ದು ನಿಂತು ಸೆಲ್ಯೂಟ್ ಹೊಡೆದ, ಇವರು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ, ಎರಡನೇ ವಾರ ಐಟಿಓ ಚೌಕದಲ್ಲಿ ನಿಂತುಹೋಯಿತು, ಅಲ್ಲಿಗೆ ಗತ್ತು ಇಳಿಯಿತು, ನೀನೇ ಓಡಿಸಿಕೋ ಮಾರಾಯ್ತಿ, ನನಗೆ ಆಫೀಸಿನ ಗಾಡಿ ಇದೆ ಎಂದರು. ಓಡಿಸಿಕೊಂಡಳು. ನಲವತ್ತು ದಾಟಿದ ಮೇಲೆ ಸ್ಟೇರಿಂಗ್ ಹಿಡಿದವಳು, ಆರ್.ಕೆ. ಪುರಂನ ಆಫೀಸಿಗೆ, ತರಕಾರಿಗೆ, ಇಂಚರಾಳ ಟ್ಯೂಷನ್ನಿಗೆ, ಶೋರೂಮಿನವರು ಮೂಗು ಮುರಿದಾಗ ಕಶ್ಮೀರಿ ಗೇಟಿನಲ್ಲಿ ಹಳೆಯ ಬಿಡಿಭಾಗ ಹುಡುಕಿದವಳು, ಡಿಕ್ಕಿಯ ಎಡಚೀಲದಲ್ಲಿ ನಟ್ಟು ಬಿಚ್ಚುವ ಪಾನಾ, ಕೂಲೆಂಟು, ಟಾರ್ಚು, ಒಂದು ಹಳೆಯ ಸೀರೆಯ ತುಂಡು ಇಟ್ಟುಕೊಂಡವಳು, ಎಲ್ಲಿ ಗೊರಗೊರ ಅಂದರೆ ಏನರ್ಥ, ಎಲ್ಲಿ ಟಕಟಕ ಅಂದರೆ ಏನರ್ಥ ಅಂತ ಕಿವಿಯಲ್ಲೇ ಕಲಿತವಳು. ಆನೆ ಸಾಕಿದ ಹಾಗೆ ಸಾಕಿದಳು, ಹೌದು, ಆದರೆ ಆನೆ ಅವಳನ್ನೂ ಹೊತ್ತಿತಲ್ಲ. ಜನವರಿಯ ಮಂಜಿನಲ್ಲಿ ಆ ಸೀಟು ತಾನೇ ಬೆಚ್ಚಗಾಗುತ್ತದೆ, ಗುಂಡಿ ಒತ್ತಿದರೆ ಸಾಕು, ಬೆನ್ನಿನ ಕೆಳಗೆ, ಇಂಚರಾಳನ್ನು ಹೆತ್ತಂದಿನಿಂದ ಬಿಡದ ಆ ನೋವಿನ ಮೇಲೆ, ಯಾರೋ ಬಿಸಿನೀರಿನ ಬಟ್ಟೆ ಇಟ್ಟ ಹಾಗೆ, ಇಷ್ಟು ವರ್ಷದಲ್ಲಿ ಆ ಜಾಗದ ಮೇಲೆ ಯಾರಾದರೂ ಕೈ ಇಟ್ಟಿದ್ದರಾ. ಈಗ ಮತ್ತೆ ಚಾರ್ಟರ್ಡ್ ಬಸ್ಸು, ಕಂಬಿ ಹಿಡಿದು ನಿಲ್ಲುವುದು, ಹಿಂದೆ ನಿಂತವನ ಉಸಿರು ಕತ್ತಿಗೆ, ಮೊಳಕೈ ಎದೆಗೆ, ಈ ವಯಸ್ಸಿನಲ್ಲೂ, ಥೂ. ಇವರಿಗೆ ಹೇಳಿದರೆ, ಎಲ್ಲರೂ ಹೋಗುವುದಿಲ್ಲವೇ ಅನ್ನುತ್ತಾರೆ.

ಸಿಗ್ನಲ್ಲು ಕೆಂಪಾಯಿತು, ಮತ್ತೆ ನೀರು ಬೆರಳಿಗೆ, ಕಿಟಕಿಯಾಚೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ದಾರಗಳ ಗೊಂಚಲು ಹಿಡಿದ ಹೆಂಗಸು, ಶನಿವಾರವಲ್ಲವೇ, ದೆಹಲಿಯ ಗಾಡಿಗಳಿಗೆಲ್ಲ ದೃಷ್ಟಿ ತೆಗೆಯುವ ದಿನ, ಒಂದು ತಗೋ, ವ್ಯಾಪಾರ ಕುದುರಲಿ, ಎಂದರು ಚಂದ್ರಕಾಂತ, ಅವಳು ಕಿಟಕಿಯ ಗುಂಡಿ ಮುಟ್ಟುವ ಮೊದಲೇ ಗಾಜು ತಾನಾಗಿ ಇಳಿಯಿತು, ದೇಖಿಯೇ ಮೇಡಂ, ಗಾಡಿ ಖುದ್ ಹೀ ಮಾಂಗ್ ರಹೀ ಹೈ, ಗಾಡಿಯೇ ಬಾಯಿಬಿಟ್ಟು ಕೇಳುತ್ತಿದೆ, ಎಂದು ಆ ಹೆಂಗಸು ನಕ್ಕಳು, ಕೈತುಂಬ ಹಳದಿ ಹಣ್ಣು, ಆ ವಾಸನೆ, ತೊಡೆಯ ಮೇಲಿನ ಡಬ್ಬಿಯಿಂದಲೂ ಅದೇ ವಾಸನೆ — ಬೇಡ, ಅಂದಳು ಶಾರದಾ, ನಿಂಬೆಹಣ್ಣಿನ ಪುರಾಣ ಮತ್ತೆ ಬೇಡ. ಪುರಾಣ ಶುರುಮಾಡಿದ್ದು ಯಾರು, ಎಂದರು ಇವರು. ಯಾರು? ಕಳೆದ ಆಯುಧಪೂಜೆಯ ದಿನ ಪಂಚೆ ಉಟ್ಟು ಕೆಳಗೆ ಪಾರ್ಕಿಂಗಿನಲ್ಲಿ ನಿಂತವರು ಯಾರು, ವರ್ಷವೆಲ್ಲ ಓಡಿಸುವವಳು ಅವಳು, ವರ್ಷಕ್ಕೊಮ್ಮೆ ಪೂಜೆಗೆ ಮಾತ್ರ ಯಜಮಾನರು, ಗಜಗಟ್ಟಲೆ ಚೆಂಡುಹೂವು, ಬಾನೆಟ್ಟು ಎತ್ತಿ, ಗಾಜಿನ ಬುಡದ ಕಪ್ಪು ಮುಚ್ಚಳವನ್ನೂ ಎತ್ತಿ, ಬ್ಯಾಟರಿಯೇ ಗಾಡಿಯ ಪ್ರಾಣ ಕಣೇ ಎಂದು ಅದಕ್ಕೊಂದು ಹಿಡಿ ಕುಂಕುಮ, ಒಂದು ಹಿಡಿ ಅಕ್ಷತೆ, ಹೂ ಮೇಲೆ ಹೂ, ರೀ ಸಾಕು ಅಂದಳು, ನಿನಗೇನು ಗೊತ್ತು ಅಂದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಐದನೆಯದು ನಿವಾಳಿಸಿ ಒಡೆಯಲಿಕ್ಕೆ. ಮಂಗಳಾರತಿ ಮುಗಿಯಿತು, ಐದನೆಯದು ಇಲ್ಲ. ಬುಟ್ಟಿಯಲ್ಲಿ ಇಲ್ಲ, ತಟ್ಟೆಯಲ್ಲಿ ಇಲ್ಲ, ಇವರ ಕೈಯಲ್ಲಿ ಇಲ್ಲ. ಅಕ್ಕಪಕ್ಕದವರೆಲ್ಲ ಪ್ರಸಾದಕ್ಕೆ ಕೈ ಒಡ್ಡಿ ನಿಂತಿರುವಾಗ, ಎಲ್ಲಿ ಐದನೇ ನಿಂಬೆಹಣ್ಣು, ಚಿತ್ರಾನ್ನಕ್ಕೆ ಹಿಂಡಿಬಿಟ್ಟೆಯಾ, ದೃಷ್ಟಿಯ ಹಣ್ಣನ್ನು ಮನೆಮಂದಿಗೆಲ್ಲ ತಿನ್ನಿಸುತ್ತೀಯಾ, ಎಂದು ಕೂಗಾಡಿ, ಮೇಲೆ ಬಂದು, ಪಾತ್ರೆ ಎತ್ತಿ, ಹಬ್ಬದ ದಿನದ ಅನ್ನ, ಗೇರುಬೀಜ ಹಾಕಿದ್ದು, ಒಗ್ಗರಣೆ ಇನ್ನೂ ಆರದ್ದು, ಕಸದ ಬುಟ್ಟಿಗೆ. ಅವತ್ತು ದೃಷ್ಟಿ ತೆಗೆಯದೇ ಇದ್ದುದಕ್ಕೇ ಈ ಗತಿ, ಎಂದು ಜುಲೈಯಲ್ಲಿ ಅದನ್ನೂ ಅವಳ ತಲೆಗೇ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಈ ಮನೆಯಲ್ಲಿ ಎಮ್ಮೆಯ ಮೈಮೇಲೆ ಇನ್ನು ಜಾಗ ಉಳಿದಿಲ್ಲ. ಆ ಹೆಂಗಸು ಇನ್ನೂ ಕಿಟಕಿಯಲ್ಲಿ ಹಣ್ಣು ಆಡಿಸುತ್ತಿದ್ದಳು, ಸಿಗ್ನಲ್ಲು ಹಸಿರಾಯಿತು.

ಫೋನು. ಗುರ್ಗಾಂವಿನ ಅಭಿಷೇಕ್, ಕಂಪನಿ ಕೆಲಸದ ಹುಡುಗ, ನಮ್ಮ ಶಿವಮೊಗ್ಗದ ಕಡೆಯವನೇ, ಸೆಕೆಂಡ್‌ಹ್ಯಾಂಡಾದರೂ ದೊಡ್ಡ ಕಾರೇ ಬೇಕಂತೆ, ಸ್ಪೀಕರಿನಲ್ಲಿ ಅವನ ಧ್ವನಿ, ಅಂಕಲ್ ಎಲ್ಲಿದೀರಾ, ಕಂಡೀಷನ್ ಪಕ್ಕಾ ಇದೆಯಲ್ವಾ — ಇವರ ನಗು, ಕಂಡೀಷನ್ನಿಗೇನಪ್ಪಾ, ಎಂಬಸಿ ಗಾಡಿ, ಹೆಂಗಸರ ಕೈಗೆ ಸಿಕ್ಕಿ ಒಂಚೂರು ನೀರು ಕುಡಿದಿದೆ, ಒಣಗಿಸಿದರೆ ಕುದುರೆ, ಆಂಟಿಯೂ ಬರ್ತಿದ್ದಾರೆ, ಸಹಿ ಅವರದೇ ಬೇಕಲ್ಲ. ಸಹಿ ಬೇಕು. ಅವಳದು ಈಗ ಸಹಿಯಷ್ಟೇ, ಮಾತು ಬೇಡ, ಕಾಲು ಒಣಗುವುದು ಬೇಡ. ಮೂಲ್‌ಚಂದ್ ಅಂಡರ್‌ಪಾಸು ಬಂತು, ಒಣಗಿ ಬಿಳಿಚಿಕೊಂಡು ಬಿದ್ದಿದೆ, ಇಲ್ಲೇ ತಾನೇ, ಎಂದರು ಇವರು, ಹುಬ್ಬು ಹಾರಿಸಿ, ಪ್ರೇಕ್ಷಣೀಯ ಸ್ಥಳ ತೋರಿಸುವ ಗೈಡಿನ ಹಾಗೆ. ಅವಳಿಗೆ ಡಬ್ಬಿಯ ಮುಚ್ಚಳ ತೆಗೆದು ಆ ಹುಬ್ಬಿನ ಮೇಲೆ ಸುರಿಯಬೇಕು ಅನ್ನಿಸಿತು, ಅಗುಳು ಅಗುಳಾಗಿ, ಕಡಲೆಬೇಳೆ ಸಮೇತ. ಸುರಿಯಲಿಲ್ಲ, ಮಗಳ ಅನ್ನ.

ಮುನಿರ್ಕಾದ ಬಸ್‌ಸ್ಟಾಪಿಗೆ ಬಂದದ್ದಾಯಿತು, ಔಟರ್ ರಿಂಗ್ ರೋಡಿನ ಎಡಕ್ಕೆ ಒತ್ತಿ ನಿಲ್ಲಿಸಿದರು, ಹಾರ್ನ್ ಶುರುವಾಯಿತು. ಮುಟ್ಟಿದವರಿಲ್ಲ, ಒತ್ತಿದವರಿಲ್ಲ, ಒಂದೇ ರಾಗ, ನಿಲ್ಲದ ರಾಗ, ಜರ್ಮನ್ ಗಂಟಲು, ಮದುವೆಯ ಬ್ಯಾಂಡಿನವರೂ ನಾಚಬೇಕು. ಇವರು ಸ್ಟೇರಿಂಗಿಗೆ ಗುದ್ದಿದರು, ಕೀ ತಿರುಗಿಸಿದರು, ಕೀ ತೆಗೆದೇಬಿಟ್ಟರು, ನಿಲ್ಲಲಿಲ್ಲ, ಆಟೋದವನು ತಲೆ ಹೊರಹಾಕಿ, ಅರೇ ಭಾಯಿಸಾಬ್, ಬಂದ್ ಕರೋ ಇಸೇ, ಎಂದ, ಸ್ಟಾಪಿನಲ್ಲಿ ನಿಂತ ಹುಡುಗರು ಶಿಳ್ಳೆ ಹಾಕಿದರು, ಇವರ ಕತ್ತು ಕೆಂಪಾಯಿತು, ಆ ನರ ಎದ್ದಿತು, ನೋಡು ನೀನು ಮಾಡಿದ ಘನಂದಾರಿ ಕೆಲಸ! ಗದ್ದಲದಲ್ಲಿ ಆ ಒಂದೇ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಗಲ್ಲಿಯಿಂದ ಇಂಚರಾ ಓಡಿಬಂದಳು, ಎರಡು ಕಿವಿಗೂ ಕೈ, ಅಪ್ಪಾ ಕ್ಯಾ ಹೋ ರಹಾ ಹೈ, ಇಡೀ ಮುನಿರ್ಕಾಗೆ ಕೇಳಿಸ್ತಿದೆ! ಬ್ಯಾಟರಿ ಬಿಚ್ಚಬೇಕು, ಎಂದು ಕೂಗಿದರು ಚಂದ್ರಕಾಂತ, ಪಾನಾ ಎಲ್ಲಿ, ಪಾನಾ ಇಲ್ಲವಾ ಈ ದರಿದ್ರ ಗಾಡಿಯಲ್ಲಿ — ಡಿಕ್ಕಿಯ ಎಡಚೀಲ, ಅಂದಳು ಶಾರದಾ. ಡಬ್ಬಿಯನ್ನು ಮಗಳ ಕೈಗಿಟ್ಟು, ಒದ್ದೆ ಕಾಲಲ್ಲೇ ಇಳಿದು, ತಾನೇ ಹೋಗಿ ತಂದುಕೊಟ್ಟಳು.

ಬಾನೆಟ್ಟು ಎದ್ದಿತು, ಗಾಜಿನ ಬುಡದ ಕಪ್ಪು ಮುಚ್ಚಳ ಎದ್ದಿತು, ಇವರು ಬಗ್ಗಿ ವೈರು ಬಿಚ್ಚಿದರು, ಹಾರ್ನ್ ನಿಂತಿತು, ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿತ್ತು, ಬಂತೊಂದು ನಾತ — ಹಬ್ಬದ ಮರುದಿನದ ದೇವರಮನೆಯ ನಾತ, ಅದು ತಿಂಗಳುಗಟ್ಟಲೆ ಕೊಳೆತರೆ ಹೇಗಿರಬೇಕು ಹಾಗೆ. ಬ್ಯಾಟರಿ ನೀರಿನಲ್ಲಿ ನಿಂತಿದೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಇಳಿದು ಬರುವ ತೊಟ್ಟಿ ಅದು, ಇಳಿದು ಕೆಳಗೆ ಹರಿದುಹೋಗಬೇಕಾದದ್ದು, ಹರಿದಿಲ್ಲ, ತುಂಬಿದೆ, ತುಂಬಿ ತುಳುಕಿ ಆಚೆಗೆ, ಒಳಕ್ಕೆ, ಅವಳ ಕಾಲಡಿಗೆ, ತೊಟ್ಟಿಯ ತುಂಬ ಕಪ್ಪು ಲೋಳೆ, ದಾರ, ದಾರಕ್ಕೆ ಅಂಟಿದ ಏನೋ, ಚೆಂಡುಹೂವು, ಕರಿಯ ಅಕ್ಷತೆ, ಅಂಚಿನಲ್ಲಿ ಇನ್ನೂ ಕುಂಕುಮದ ಕೆಂಪು. ಆಕಾಶದಿಂದ ಬಿತ್ತಾ. ಬಿತ್ತು ಕಣ್ರೀ, ಆಕಾಶದಿಂದಲೇ ಬಿತ್ತು. ಸೀರೆಯ ಸೆರಗು ಸಿಕ್ಕಿಸಿ ಮೊಳಕೈವರೆಗೆ ಕೈ ಇಳಿಸಿದಳು, ಅಮ್ಮಾ ಛೀ, ಎಂದಳು ಇಂಚರಾ, ಬೆರಳು ಹೂವಿನ ಲೋಳೆ ದಾಟಿತು, ದಾರ ದಾಟಿತು, ತಳದಲ್ಲಿ ಒಂದು ತೂತು, ತೂತಿನ ಬಾಯಿಗೆ ಕುಂಡೆ ಊರಿ ಕೂತ ಒಂದು ಗುಂಡನೆಯ ವಸ್ತು, ಬಚ್ಚಲಿಗೆ ಬಿರಡೆ ಹಾಕಿದ ಹಾಗೆ, ಉಗುರು ಊರಿ ಕಿತ್ತಳು. ಗಳಗಳಗಳ. ಕಾರಿನ ಹೊಟ್ಟೆಯಡಿಯಿಂದ ರಸ್ತೆಗೆ ನೀರು ಸುರಿಯಿತು, ಬಕೆಟ್ಟುಗಟ್ಟಲೆ, ಹಳದಿ ಕಪ್ಪು ನೀರು, ಚಂದ್ರಕಾಂತರ ಬೂಟು ನೆನೆಸಿಕೊಂಡು ಚರಂಡಿಯ ಕಡೆ ಹರಿಯಿತು. ಅಂಗೈಯಲ್ಲಿ ಅದು ಕೂತಿದೆ, ಕಪ್ಪಗೆ, ಕಲ್ಲಿನಂತೆ, ಒಂದು ಕಡೆ ಇನ್ನೂ ಚೂರು ಹಳದಿ.

ಯೇ ಕ್ಯಾ ಹೈ, ಎಂದಳು ಇಂಚರಾ. ನಿಂಬೆಹಣ್ಣು, ಅಂದಳು ಶಾರದಾ, ಐದನೆಯದು, ನಿಮ್ಮಪ್ಪ ಇಟ್ಟದ್ದು, ನಾನು ಚಿತ್ರಾನ್ನಕ್ಕೆ ಹಿಂಡಿದ್ದು. ಮಗಳ ಬಾಯಿ ತೆರೆದುಕೊಂಡಿತು, ಅಪ್ಪನ ಕಡೆ ನೋಡಿದಳು, ಅಪ್ಪಾ, ಯೂ ಸೆಡ್ ಅಮ್ಮ ನೇ ಡುಬೋ ದೀ, ಅಮ್ಮ ಮುಳುಗಿಸಿದಳು ಅಂದಿರಲ್ಲ, ಎಂದಳು, ನಗಲಿಲ್ಲ. ಚಂದ್ರಕಾಂತ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಗಡಿಯಾರ ನೋಡಿದರು, ಅಚ್ಛಾ, ಚಲೋ, ಆದದ್ದು ಆಯಿತು, ಹುಡುಗ ಕಾಯ್ತಾ ಇದ್ದಾನೆ, ಕೈ ತೊಳಕೋ — ಆದದ್ದು ಆಯಿತು! ಕೇಳಿದಿರಾ, ಆದದ್ದು ಆಯಿತಂತೆ. ಅವಳು ಮಾಡದೇ ಇದ್ದುದಕ್ಕೆ ಊಟದ ಪಂಕ್ತಿ, ಹೋಳಿಗೆ, ಹುಬ್ಬು, ಮಿಸ್ತ್ರಿಯ ಮುಂದೆ ಕೈಚಾಚು, ಬಸ್ಸಿನ ಕಂಬಿ, ಇವನು ಮಾಡಿದ್ದಕ್ಕೆ ಎರಡೇ ಮಾತು, ಆದದ್ದು, ಆಯಿತು, ಇವನು, ಹೌದು, ಇವನು, ಮನಸ್ಸಿನಲ್ಲಿ ಬಹುವಚನ ಆ ನೀರಿನ ಜೊತೆಗೇ ಚರಂಡಿಗೆ ಹೋಯಿತು. ಅವಳು ಕೂಗಲಿಲ್ಲ. ಸಹಿ ಹಾಕುವುದಿಲ್ಲ, ಅಂದಳು. ಏನು, ಎಂದ. ಕಾರು ನನ್ನ ಹೆಸರಿನಲ್ಲಿದೆ, ನನ್ನ ಜಾತಕದಲ್ಲಿದೆ, ಮಾರುವುದಿಲ್ಲ, ಮಾಯಾಪುರಿಗೆ ಹೋಗೋದು, ಎರಡು ದಿನ ಬಿಟ್ಟುಬರೋದು, ವೈರು ಹಾಕಿ, ಕೀ ಕೊಡಿ. ಜನ ನೋಡ್ತಿದ್ದಾರೆ ಶಾರದಾ. ನೋಡಲಿ. ಬಲಗೈಯಲ್ಲಿ ನಿಂಬೆಹಣ್ಣು ಹಿಡಿದೇ ಇದ್ದಳು, ಎಡಗೈ ಖಾಲಿ, ಅದನ್ನು ಚಾಚಿದಳು, ಚಾಚಿಯೇ ನಿಂತಳು, ಇಂಚರಾ ಅಮ್ಮನ ಪಕ್ಕಕ್ಕೆ ಬಂದು ನಿಂತಳು, ಅಪ್ಪಾ, ಪ್ಲೀಸ್, ದೇ ದೋ ನಾ, ಕೊಟ್ಟುಬಿಡಿ. ಅವನು ಆ ಕೈ ನೋಡಿದ, ಈ ಕೈ ನೋಡಿದ, ಬಗ್ಗಿ ವೈರು ಸಿಕ್ಕಿಸಿದ, ಜೇಬಿನಿಂದ ಕೀ ತೆಗೆದು ಎಡಗೈಯಲ್ಲಿ ಇಟ್ಟ. ಬೆಚ್ಚಗಿತ್ತು.

ಚಾಲಕಿಯ ಸೀಟು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ತನ್ನ ಕಣ್ಣಿಗೆ ಇಳಿಸಿಕೊಂಡಳು, ಮಗಳು ಹಿಂದಿನ ಸೀಟಿನಲ್ಲಿ ಡಬ್ಬಿ ತೆರೆದಳು, ಚಂದ್ರಕಾಂತ ಬಾಗಿಲು ತೆರೆದು ಪಕ್ಕದ ಜಾಗದಲ್ಲಿ ಕೂತ, ಕೂತು ಕಾಲು ಇಟ್ಟ, ಎತ್ತಿದ, ಮತ್ತೆ ಇಡಲೇಬೇಕಾಯಿತು, ಒದ್ದೆ ಇದೆ, ಎಂದ. ಹೌದು, ಅಂದಳು. ಕೀ ತಿರುಗಿಸಿದಾಗ ಗಾಡಿ ಒಮ್ಮೆ ಕೆಮ್ಮಿ ಎದ್ದಿತು, ಜೊತೆಗೇ ಹಾರ್ನೂ ಎದ್ದಿತು, ಅದೇ ರಾಗ, ನಿಲ್ಲಿಸೇ, ಎಂದ ಅವನು, ಕಿವಿ ಮುಚ್ಚಿಕೊಂಡು, ಬಡಿದುಕೊಳ್ಳಲಿ, ಊರಿಗೆಲ್ಲ ನೀವು ಹೇಳಿದ್ದಿರಲ್ಲ, ಇದೂ ಊರಿಗೆಲ್ಲ ಕೇಳಲಿ, ಅಂದಳು, ಒಂದೇ ಕಾಲಿನಲ್ಲಿ ಮೆಲ್ಲಗೆ ಒತ್ತಿದಳು, ಗುರ್ಗಾಂವಿನ ರಸ್ತೆ ಎದುರಿಗಿತ್ತು, ಅವಳು ಮುಂದಿನ ಕಟ್ಟಿಂಗಿನಲ್ಲಿ ಮಾಯಾಪುರಿಯ ಕಡೆಗೆ ತಿರುಗಿಸಿದಳು, ಫೋನು ಬಡಿದುಕೊಂಡಿತು, ಅಭಿಷೇಕ್ ಇರಬೇಕು, ಹಾರ್ನಿನಲ್ಲಿ ಯಾರಿಗೂ ಕೇಳಲಿಲ್ಲ, ಬೆನ್ನ ಕೆಳಗಿನ ನೋವು ಸೀಟಿಗೆ ಒರಗಿತು, ಮುಂದೆ ಡ್ಯಾಶ್‌ಬೋರ್ಡಿನ ಮೇಲೆ, ಇಬ್ಬರ ನಡುವೆ, ಅವಳು ಇಟ್ಟಲ್ಲಿ ಅದು, ತಿರುವಿನಲ್ಲಿ ಅವನ ಕಡೆ ಉರುಳಿತು, ಅವನು ಮುಟ್ಟಲಿಲ್ಲ, ನೇರವಾದಾಗ ಅವಳ ಕಡೆ ಉರುಳಿ ಬಂತು, ಮತ್ತೆ ಅವನ ಕಡೆ, ಕಪ್ಪಗೆ, ಗಟ್ಟಿ, ಒಂದು ಕಡೆ ಚೂರು ಹಳದಿ, ನಿಂಬೆಹಣ್ಣು, ಐದನೇ ನಿಂಬೆಹಣ್ಣು, ನಿಂಬೆಹಣ್ಣು —